ವರ್ಲೀನ್ ಶಾಲೆ ನೋಡುವ ಪರಿ

ಆಸ್ಪತ್ರೆಯ ಲಾಂಡ್ರಿಯಿಂದ ವರ್ಲೀನ್‌ಗೆ ಎರಡು ವಾರದ ಓವರ್‌ಟೈಮ್ ಕೂಲಿ ಇನ್ನೂ ಬರಬೇಕಿದೆ. ಆದರೂ ಮಗಳು ಜೊನೆಲ್‌ಗೆ ಶಾಲೆ ಹುಡುಕುತ್ತ ಮೊಬೀಲ್ ಎಂಬ ತಮ್ಮೂರೆಲ್ಲ ಸುತ್ತುವಾಗ ಅವಳ ಗತ್ತು ಶಾಲೆಯನ್ನೇ ಕೊಳ್ಳಲು ಬಂದವಳದು. ಕ್ಯಾಥೊಲಿಕ್ ಶಾಲೆಯಿರಲಿ, ಎಪಿಸ್ಕೋಪಲ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಶಾಲೆಯಿರಲಿ, ಮೊದಲು ಪಾಯಿಖಾನೆಗೆ ನುಗ್ಗಿ ನಲ್ಲಿ ತಿರುಗಿಸುತ್ತಾಳೆ, ಆಮೇಲೆ ಅಡುಗೆಯವಳ ಮುಂದೆ ತಟ್ಟೆ ಹಿಡಿಯುತ್ತಾಳೆ, ಪ್ರಿನ್ಸಿಪಾಲರ ಮಾತಿಗೆ ಕಿವಿಗೊಡುವುದು ಕಟ್ಟಕಡೆಗೆ. “ಕ್ಯಾಥೊಲಿಕ್‌ನೋರು ಮಗ್ಗಿ ಅರೆದು ಕುಡಿಸ್ತಾರೆ, ಎಪಿಸ್ಕೋಪಲ್‌ನೋರು ಮಕ್ಕಳಿಗೆ ಎದುರು ಪ್ರಶ್ನೆ ಹಾಕೋಕೆ ಬಿಡ್ತಾರೆ, ಫೀಸು ಮಾತ್ರ ಕತ್ತು ಕೊಯ್ಯುತ್ತೆ ಕಣೋ” ಎಂದು ಗಂಡ ಸೈಲಸ್‌ನ ತಲೆ ತಿನ್ನುತ್ತಾಳೆ. “ನನ್ನನ್ನೂ ಹೀಗೇ ಜಾಲಾಡಿ ಮದ್ವೆ ಆದ್ಯೇನೇ?” ಎಂದರೆ, “ಜಾಲಾಡಿದ್ರೆ ನೀನೆಲ್ಲಿ ಪಾಸಾಗ್ತಿದ್ದೆ, ಮುಚ್ಕೊಂಡು ತಿನ್ನು” ಎನ್ನುತ್ತಾಳೆ. ಹೊರಡುವ ಮುನ್ನ ಎರಡೂ ಕಡೆ ಕೇಳುವುದು ಒಂದೇ: “ನಾವು ಮೆಥಡಿಸ್ಟರು, ನಿಮ್ಮ ಪಂಗಡದೋರಲ್ಲ. ಆರಾಧನೇಲಿ ಪ್ರಭುಭೋಜನದ ಪವಿತ್ರ ರೊಟ್ಟಿ ಹಂಚುವಾಗ ನನ್ನ ಮಗಳು ಏನು ಮಾಡ್ಬೇಕು?” ಎಪಿಸ್ಕೋಪಲ್ ಪಾದ್ರಿ, “ದೀಕ್ಷಾಸ್ನಾನ ಆಗಿದೆ ತಾನೇ? ಎಲ್ಲರ ಹಾಗೆ ಕೈ ಚಾಚಿ ಬರ್ಲಿ, ಕೊಡ್ತೀವಿ” ಎಂದರು. ಕ್ಯಾಥೊಲಿಕ್ ಸಿಸ್ಟರ್ ಮೆತ್ತಗೆ, “ರೊಟ್ಟಿ ಕೊಡೋ ಹಾಗಿಲ್ಲಮ್ಮ. ಎದೆ ಮೇಲೆ ಕೈ ಕಟ್ಕೊಂಡು ಬರ್ಲಿ, ಫಾದರ್ ಆಶೀರ್ವಾದ ಮಾಡ್ತಾರೆ” ಎಂದರು. ವರ್ಲೀನ್ ಕೂಡ ಕ್ಯಾಥೊಲಿಕ್ ಶಾಲೆಯಲ್ಲಿ ಓದಿದವಳು, ಪ್ರತಿ ವಾರ ಹಾಗೇ ಕೈ ಕಟ್ಟಿ ನಡೆದವಳು. ಹಿಂದೆ ಮುಂದೆ ಇದ್ದ ಹುಡುಗಿಯರೆಲ್ಲ ರೊಟ್ಟಿ ತಿನ್ನುವಾಗ ತನ್ನ ಬಾಯಿ ಒಣಗಿದ್ದು ಮರೆತಿಲ್ಲ. ಅವ್ವ ಸತ್ತ ವಾರ ಮುದಿ ಫಾದರ್ ಅವಳ ತಲೆ ಮೇಲಿಟ್ಟ ಕೈಯನ್ನು, ಇಡೀ ಸಾಲು ಕಾಯುತ್ತಿದ್ದರೂ, ತೆಗೆಯದೇ ನಿಂತದ್ದನ್ನೂ ಮರೆತಿಲ್ಲ. ನಾಳೆ ಒಂದು ಶಾಲೆಗೆ ಒಪ್ಪಿಗೆ ಹೇಳಲೇಬೇಕು. ಒಂದೇ ದೇವರ ಮನೆಯಲ್ಲಿ ಎರಡು ಸಾಲು ಮಾಡಿದವರು ಉತ್ತರ ಕೊಡುವುದಿಲ್ಲ. ಓದುತ್ತಿರುವ ನೀವಾದರೂ ನುಣುಚಿಕೊಳ್ಳದೆ ಹೇಳಿ, ಜೊನೆಲ್ ಕೈ ಚಾಚಿ ನಡೆಯಲೋ, ಕೈ ಕಟ್ಟಿ ನಡೆಯಲೋ?