ಭಾವನ ಗಾಡಿ ತಂದ ಮಧ್ಯಾಹ್ನ

ನನ್ನ ಗಂಡನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ಆ ಹೆಸರಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವರು 'ಕೊಂಡಿ'. ಕೆಟ್ಟು ನಿಂತ ಗಾಡಿಗಳಿಗೆ ಕೊಂಡಿ ಹಾಕಿ ಎಳೆದು ತರುವುದು ಅವರ ಕೆಲಸ. ಮನುಷ್ಯರ ಜೊತೆ ಮಾತು ಕಡಿಮೆ, ಗಾಡಿಗಳ ಜೊತೆ ಬೇಕಾದಷ್ಟು. ಜಖಂ ಆದ ಕಾರಿನ ಬಾನೆಟ್ ಮೇಲೆ ಕೈಯಿಟ್ಟು "ಆಯ್ತು, ಆಯ್ತು, ಮನೆಗೆ ಹೋಗೋಣ" ಅನ್ನುವುದನ್ನು ಈ ಕಿವಿಯಾರೆ ಕೇಳಿದ್ದೇನೆ. ನನಗೆ ಜ್ವರ ಬಂದಾಗಲೂ ಅಷ್ಟು ಮೆತ್ತಗೆ ಮಾತಾಡಿದವರಲ್ಲ.

ಕೆಲಸದಲ್ಲಿ ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡಿರುವ ಮನುಷ್ಯ. ಜೊತೆಯ ಡ್ರೈವರುಗಳ ಮೇಲೆ ರೇಗುತ್ತಿದ್ದುದು ಒಂದೇ ವಿಷಯಕ್ಕೆ. "ಆಟೋಮ್ಯಾಟಿಕ್ ಗಾಡಿ ಎಳೀವಾಗ ಮುಂದಿನ ಚಕ್ರ ನೆಲಕ್ಕೆ ತಾಗಬಾರದು ಕಣ್ರೋ! ಇಂಜಿನ್ ಓಡದೆ ಚಕ್ರ ಮಾತ್ರ ತಿರುಗಿದ್ರೆ ಗೇರ್‌ಬಾಕ್ಸಿಗೆ ಎಣ್ಣೆ ಹೋಗಲ್ಲ. ಒಳಗೊಳಗೇ ಸುಟ್ಟುಹೋಗುತ್ತೆ." ಊರಿಗೆಲ್ಲ ಬುದ್ಧಿ ಹೇಳಿದವರು ಆ ತಪ್ಪನ್ನೇ ಮಾಡಿದರು, ಅದೂ ಸ್ವಂತ ಅಕ್ಕನ ಗಾಡಿಗೆ. ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದೆ.

ಆ ಅಕ್ಕ ನನಗೆ ಅತ್ತಿಗೆ. ಅತ್ತಿಗೆಯ ಗಂಡ, ಅಂದರೆ ನಮ್ಮವರ ಭಾವ, ಎದೆನೋವು ಅಂತ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದವರು. ಗೆರೆಯೊಳಗೆ ನೆಟ್ಟಗೆ ಪಾರ್ಕ್ ಮಾಡಿ, ನಡೆದುಕೊಂಡು ಒಳಗೆ ಹೋದರು. ವಾಪಸ್ಸು ನಡೆದು ಬರಲಿಲ್ಲ. ಕಾರು ಅಲ್ಲೇ ಉಳಿಯಿತು. ಎಲ್ಲ ಮುಗಿದ ಮೇಲೆ ಅತ್ತಿಗೆ ಕೀ ತಂದು ತಮ್ಮನ ಕೈಗಿಟ್ಟರು.

"ಓಡಿಸ್ಕೊಂಡು ಬರಬೇಡ ಕಣೋ. ಅವರು ಕೂತಿದ್ದ ಸೀಟಲ್ಲಿ ಇನ್ಯಾರೂ ಕೂರೋದು ಬೇಡ. ಕೂತರೆ ನಾನೇ ಕೂರ್ತೀನಿ. ಓಡಿಸೋಕೆ ಕಲಿಸಿದ್ದಾರಲ್ಲ, ಓಡಿಸ್ತೀನಿ. ನನಗೆ ಉಳಿದಿರೋದು ಅದೊಂದೇ. ಇದ್ದ ಹಾಗೇ ತಂದುಕೊಡು."

ಮರುದಿನ ಮಧ್ಯಾಹ್ನ ನಾವಿಬ್ಬರೂ ಟೋಯಿಂಗ್ ಲಾರಿ ತಗೊಂಡು ಹೋದೆವು. ಮೋಡ ಕವಿದಿತ್ತು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಆ ಕಾರು ಒಂಟಿಯಾಗಿ ನಿಂತಿತ್ತು. ನಾಲ್ಕೂ ಗಾಜು ಮುಚ್ಚಿದ್ದವು. ಮೂರು ಗಾಜು ಸ್ವಚ್ಛವಾಗಿದ್ದವು, ಡ್ರೈವರ್ ಪಕ್ಕದ ಗಾಜಿಗೆ ಮಾತ್ರ ಒಳಗಡೆಯಿಂದ ಆವಿ ಕಟ್ಟಿತ್ತು. ಯಾರೋ ಹತ್ತಿರ ಕೂತು ಉಸಿರು ಬಿಟ್ಟ ಹಾಗೆ.

"ತೇವ ಕಣೇ," ಅಂದರು ನಮ್ಮವರು. ನಾನೇನೂ ಕೇಳಿರಲಿಲ್ಲ.

ಸರಪಳಿ ಬಿಗಿದು ಮುಂಭಾಗ ಎತ್ತತೊಡಗಿದರು. ಚಕ್ರ ನೆಲ ಬಿಟ್ಟು ಗೇಣಷ್ಟು ಎದ್ದಿತು. ಅಷ್ಟಕ್ಕೇ ನಿಲ್ಲಿಸಿ ಮತ್ತೆ ಕೆಳಗಿಳಿಸಿಬಿಟ್ಟರು.

"ಆಗಲ್ಲ."

"ಏನಾಗಲ್ಲ?"

"ಭಾವನ್ನ ಹೀಗೆ ಮೂತಿ ಎತ್ತಿ ನೇತು ಹಾಕ್ಕೊಂಡು ಬೀದೀಲಿ ಹೋಗೋಕೆ ನನ್ನ ಕೈಲಿ ಆಗಲ್ಲ."

ಭಾವನ ಗಾಡಿಯನ್ನ ಅನ್ನಲಿಲ್ಲ, ಭಾವನ್ನ ಅಂದರು. ಅಪ್ಪನಿಲ್ಲದೆ ಬೆಳೆದ ಮನುಷ್ಯನಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವರು ಆ ಭಾವ. ಬಾಯಿ ಬಿಡುವ ಹೊತ್ತಾಗಿರಲಿಲ್ಲ ಅದು.

ಲಾರಿಗೂ ಕಾರಿಗೂ ನಡುವೆ ಕಬ್ಬಿಣದ ದಂಡ ಹಾಕಿದರು. ಸೀಟಿನಲ್ಲಿ ಕೂರದೆ, ಬಾಗಿಲಿನಿಂದಲೇ ಬಗ್ಗಿ ಕೀ ಹಾಕಿ, ಒಂದು ಕೈಯಲ್ಲಿ ಬ್ರೇಕ್ ಒತ್ತಿ ಇನ್ನೊಂದು ಕೈಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದರು. "ಹತ್ತಿರ ತಾನೇ. ನಿಧಾನಕ್ಕೆ ಹೋದ್ರೆ ಏನೂ ಆಗಲ್ಲ," ಅಂದರು. ಅತ್ತಿಗೆ ಮನೆ ದಾರಿಯ ಸೇತುವೆ ರಿಪೇರಿಗೆ ಮುಚ್ಚಿತ್ತು. ಊರು ಸುತ್ತಿ ಹೋಗಬೇಕಾಯಿತು.

ಖಾಲಿ ರಸ್ತೆ. ನಮ್ಮವರು ಕನ್ನಡಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

"ನೋಡು," ಅಂದರು.

ಹಿಂದಿನ ಕಾರಿನ ಸ್ಟೀರಿಂಗ್ ತಿರುಗುತ್ತಿತ್ತು. ಮುಂದಿನ ಚಕ್ರ ತಿರುಗಿದರೆ ಸ್ಟೀರಿಂಗೂ ತಿರುಗಲೇಬೇಕು, ಅಷ್ಟು ಬುದ್ಧಿ ನನಗೂ ಇದೆ. ಆದರೆ ತಿರುವು ಇನ್ನೂ ಬಂದಿರಲಿಲ್ಲ. ನಮ್ಮ ಲಾರಿ ನೆಟ್ಟಗೆ ಹೋಗುತ್ತಿತ್ತು. ಹಿಂದಿನ ಸ್ಟೀರಿಂಗ್ ಆಗಲೇ ಎಡಕ್ಕೆ ಒಂಚೂರು ವಾಲಿತು, ತಿರುವು ಆಮೇಲೆ ಬಂತು. ಮುಂದಿನ ತಿರುವಿನಲ್ಲೂ ಹಾಗೇ. ಭಾವ ಓಡಿಸುತ್ತಿದ್ದುದೇ ಹಾಗೆ. "ರಸ್ತೆಗಿಂತ ಮುಂಚೆ ನೀವೇ ತಿರುಗ್ತೀರಲ್ಲ!" ಎಂದು ಅತ್ತಿಗೆ ಬೈಯದ ದಿನವಿರಲಿಲ್ಲ. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಮತ್ತೆ ಕನ್ನಡಿ ನೋಡಲಿಲ್ಲ.

ಆಗ ಸುಟ್ಟ ವಾಸನೆ ಬಂತು.

"ರೀ, ಏನೋ ಸುಡ್ತಾ ಇದೆ. ನಿಲ್ಸಿ."

"ಗೊತ್ತು."

"ಗೊತ್ತಿದ್ದೂ ಯಾಕ್ರೀ ಹೋಗ್ತಿದ್ದೀರಿ?"

"ನಿಲ್ಸಿದ್ರೆ ಇಳಿದುಹೋಗ್ತಾರೆ ಕಣೇ."

ಅವರ ಮುಖದಲ್ಲಿ ನಗುವಿತ್ತು. ಎಳೆ ಮಗುವಿನ ನಗು. ಅದು ನನಗೆ ಆ ಸ್ಟೀರಿಂಗಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಲಾರಿಯ ವೇಗ ಹೆಚ್ಚಿತು.

ಅತ್ತಿಗೆ ಗೇಟಿನಲ್ಲೇ ನಿಂತಿದ್ದರು. ಲಾರಿ ನಿಂತಾಗ ಕಾರಿನಡಿಯಿಂದ ಹೊಗೆ ಏಳುತ್ತಿತ್ತು. ಬಂದ ದಾರಿಯುದ್ದಕ್ಕೂ ಕೆಂಪು ಹನಿಗಳು. ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ನಮ್ಮವರು ದಂಡ ಬಿಚ್ಚಿದರು, ಅಕ್ಕನ ಮುಖ ನೋಡಲಿಲ್ಲ. ಅತ್ತಿಗೆಗೆ ಹೊಗೆಯೂ ಕಾಣಲಿಲ್ಲ, ಹನಿಯೂ ಕಾಣಲಿಲ್ಲ. ನೆಟ್ಟಗೆ ಹೋಗಿ ಆ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅದೇ ಸದ್ದು, ದಿನಾ ಸಂಜೆ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದ ಸದ್ದು. ಅವರ ಮುಖ ಅರಳಿತು.

ಗೇರು ಹಾಕಿದರು. ಕಾರು ಕದಲಲಿಲ್ಲ. ರಿವರ್ಸ್ ಹಾಕಿದರು. ಇಂಜಿನ್ ಗುರುಗುಟ್ಟಿತೇ ಹೊರತು ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಂದೇ ತಪ್ಪು ಅಕ್ಕಾ," ಅಂದರು ನಮ್ಮವರು. "ಎತ್ತಿ ತರಬೇಕಿತ್ತು. ಮನಸ್ಸು ಬರಲಿಲ್ಲ. ವಾಸನೆ ಬಂದಾಗಲೂ ನಿಲ್ಲಿಸಲಿಲ್ಲ. ಗೇರ್‌ಬಾಕ್ಸ್ ಹೋಯ್ತು."

ಅತ್ತಿಗೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸ್ಟೀರಿಂಗ್ ಹಿಡಿದುಕೊಂಡೇ ಇಂಜಿನ್ ಸದ್ದು ಕೇಳುತ್ತಿದ್ದರು.

"ಆಸ್ಪತ್ರೆಯಲ್ಲೂ ಹೀಗೇ ಇತ್ತು ಕಣೋ. ಮಿಷನ್ ಓಡ್ತಿತ್ತು, ಎದೆ ಏರಿ ಇಳೀತಿತ್ತು, ಅವರು ಮಾತ್ರ ಇರಲಿಲ್ಲ. ನಿಲ್ಲಿಸಿ ಅಂತ ಡಾಕ್ಟರಿಗೆ ಹೇಳಿದ್ದು ನಾನೇ. ಯಾರಿಗೂ ಹೇಳಿಲ್ಲ."

ನಮ್ಮವರು ತೆರೆದಿದ್ದ ಬಾಗಿಲ ಹತ್ತಿರ ಬಂದರು.

"ಒಂದು ಸಲ ಮಾಡಿದೀನಿ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ನೀನೇ ಆಫ್ ಮಾಡು."

ನಮ್ಮವರು ಬಗ್ಗಿ ಕೈ ಒಳಗೆ ಹಾಕಿದರು. ಕೀ ಮುಟ್ಟಿ, ಕೈ ಹಿಂದೆ ತೆಗೆದುಕೊಂಡರು. "ಭಾವಾ," ಎಂದು ಒಂದು ಸಲ ಕರೆದರು. ಆಮೇಲೆ ಕೀ ತಿರುಗಿಸಿದರು.