ಆ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ?

ಗಡಿಯಾರ ರಿಪೇರಿಯ ಅಜ್ಜನಿಗೆ ಎಲ್ಲದಕ್ಕೂ ಒಂದು ‘ಯಾಕೆ’ ಬೇಕು. ಯಾವ ಗಡಿಯಾರ ಬಂದರೂ ಹಿಂಬದಿಯ ಮುಚ್ಚಳ ಬಿಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಒಳಗಿನ ಸಮಾಚಾರ ವಿಚಾರಿಸಲೇಬೇಕು. ಗಿರಾಕಿಗಳಿಗೂ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಸುತ್ತಿದ್ದ. ತನ್ನ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಮೂತ್ರ ಸರಾಗವಾಗಲಿ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ನಾಚಿಕೆ ನೋಡಿ, ಹೆಂಡತಿಗೂ ಹೇಳಲಿಲ್ಲ. ಸದಾ ಜೇಬಿನಲ್ಲಿರುವ ಸ್ಕ್ರೂ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಮಲಗುವ ಮುಂಚೆ ನುಂಗುತ್ತಿದ್ದ. ತಲೆ ಸುತ್ತೀತು, ದಡಕ್ಕನೆ ಏಳಬೇಡಿ ಎಂದದ್ದನ್ನು ಪಾಲಿಸಿದ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಹೇಳಿ ಎಂದದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಈಗ ಬಲಗಣ್ಣಿಗೇ ಪೊರೆ ಬಂತು. ಆ ಕಣ್ಣು ಹೋದರೆ ಅಂಗಡಿಯೂ ಹೋದಂತೆ. ಆಪರೇಷನ್ ಹತ್ತಿರವಾದಾಗ ಆ ಡಾಕ್ಟರು ಹೇಳಿದ್ದು ನೆನಪಾಗಿ, ಅಜ್ಜ ತನ್ನ ಕಸುಬಿನ ಬುದ್ಧಿಯಲ್ಲೇ ಯೋಚಿಸಿ, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಟ್ಟ. ಸೆಲ್ ತೆಗೆದರೆ ಮುಳ್ಳು ನಿಲ್ಲುತ್ತದಲ್ಲ? ನಿಲ್ಲಿಸಿದ ಮೇಲೆ ಹೇಳುವುದೇನು ಬಂತು.

“ಮೂತ್ರಕ್ಕೆ ಅಂತ ಏನಾದ್ರೂ ಮಾತ್ರೆ ತಗೋತೀರಾ ಅಜ್ಜ?” ಕಣ್ಣಿನ ಡಾಕ್ಟರಮ್ಮ ಕೇಳಿದರು.

ಪಕ್ಕದಲ್ಲಿ ಹೆಂಡತಿ ಕೂತಿದ್ದಳು. “ಇಲ್ಲಮ್ಮ,” ಎಂದ.

ಬಾಗಿಲವರೆಗೆ ಹೋದವನಿಗೆ ತಡೆಯಲಾಗಲಿಲ್ಲ. ತಿರುಗಿ ಬಂದ. “ಡಾಕ್ಟರಮ್ಮ, ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗಾಯ್ತಲ್ಲ. ಆ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ?”

“ಅದು ಮೂತ್ರದ ದಾರಿಯ ಸ್ನಾಯು ಸಡಿಲ ಮಾಡುತ್ತೆ. ಕಣ್ಣಿನ ಪಾಪೆಯ ಸುತ್ತ ಇರೋ ಪರದೆಯಲ್ಲೂ ಅಂಥದ್ದೇ ಸ್ನಾಯು ಇದೆ. ಆಪರೇಷನ್ ನಡೀವಾಗ ಆ ಪರದೆ ಜೋಲು ಬಿದ್ದು ಅಡ್ಡ ಬರಬಹುದು. ಮೊದಲೇ ಗೊತ್ತಿದ್ರೆ ತಯಾರಾಗಿರ್ತೀವಿ. ಇಲ್ಲದಿದ್ರೆ ಕಣ್ಣಿಗೇ ಪೆಟ್ಟು.”

“ನಿಲ್ಲಿಸಿಬಿಟ್ರೆ?”

“ನಿಲ್ಲಿಸಿದ್ರೂ ಹಾಗಾಗಬಹುದು. ಹಿಂದೆ ಯಾವತ್ತೋ ತಗೊಂಡಿದ್ರೂ ನಮಗೆ ಹೇಳಬೇಕು.”

ಅಜ್ಜ ಹೆಂಡತಿಯ ಕಡೆ ಒಮ್ಮೆ ನೋಡಿದ. ಜೇಬಿನಿಂದ ಸ್ಕ್ರೂ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಮಾತ್ರೆಯ ಹೆಸರು ಓದಿದರು. ಕೊಟ್ಟವರನ್ನು ಕೇಳದೆ ನಿಲ್ಲಿಸಿದ್ದಕ್ಕೆ ಗದರಿ, ಆ ಡಾಕ್ಟರಿಗೆ ತಾವೇ ಫೋನ್ ಮಾಡಲು ಹೊರಟರು.

ಹೆಂಡತಿ ಡಬ್ಬಿಯನ್ನೇ ನೋಡುತ್ತಿದ್ದಳು. “ಇಷ್ಟೇನಾ? ನೀವು ರಾತ್ರಿ ಎದ್ದೆದ್ದು ಹೋಗೋದು ನೋಡಿ, ಏನೋ ದೊಡ್ಡ ಕಾಯಿಲೆ ಮುಚ್ಚಿಡ್ತಿದ್ದಾರೆ ಅಂತ ನಾನು ಕಣ್ಣು ಮುಚ್ಚಿಲ್ಲ ರೀ.”

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ಹೆಂಡತಿ ನಿಂತಿದ್ದಳು. ಅವಳ ಕಣ್ಣಿನ ಕೆಳಗಿನ ಕಪ್ಪು ಅಜ್ಜನಿಗೆ ಸ್ಪಷ್ಟವಾಗಿ ಕಂಡಿತು. ಯಾಕೆ ಎಂದು ಅವನು ಕೇಳಲಿಲ್ಲ.