ಇನ್ನೂ ಜಾರದ ಅರ್ಧ

ಆ ಚಳಿಗಾಲದಲ್ಲಿ ಲಾಸ್ ಏಂಜಲೀಸ್‌ನ ಫ್ರೀವೇ ಮೇಲಿಂದಲೇ ಬೆಟ್ಟಗಳು ಬೆಳ್ಳಗೆ ಕಾಣುತ್ತಿದ್ದವು. ತಾಳೆಮರಗಳ ಹಿಂದೆ ಹಿಮ ಕಂಡರೆ ಜನಕ್ಕೆ ಅದೇನೋ ಸಂಭ್ರಮ. ಅಲ್ಲಿಂದ ದಕ್ಷಿಣಕ್ಕೆ ಎರಡು ತಾಸಿನ ದಾರಿಯ, ನಾನಿರುವ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಕನ್ನಡದವರೆಲ್ಲ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು, ಮಕ್ಕಳಿಗೆ ಹಿಮದ ಮೇಲೆ ಜಾರುವ ಪ್ಲಾಸ್ಟಿಕ್ ಸ್ಲೆಡ್ ಕೊಡಿಸಿಕೊಂಡು ಹಿಮ ನೋಡಲು ಹೊರಟಿದ್ದರು. ವಾಟ್ಸಾಪ್ ಗುಂಪಿನಲ್ಲಿ ನಾನು, ಕಡಿದಾದ ಇಳಿಜಾರಿನ ಕೆಳಗೆ ಊಟಕ್ಕೆ ಕೂರಬೇಡಿ ಎಂದು ಬರೆದೆ. ಒಬ್ಬ ಅಂಕಲ್ ಕೈಮುಗಿಯುವ ಚಿತ್ರ ಹಾಕಿದರು. ಇನ್ನೊಬ್ಬರು, "ಬಂದ್ರಪ್ಪ ಹವಾಮಾನ ಇಲಾಖೆಯೋರು," ಎಂದರು. ನನಗೆ ಪಿತ್ತ ನೆತ್ತಿಗೇರಿತು, ಗುಂಪು ಬಿಟ್ಟೆ. ಸಂಜೆಗೆ ಮತ್ತೆ ಸೇರಿಸಿದರು.

ನನಗೂ ನನ್ನ ತಮ್ಮನಿಗೂ ಈ ಹುಚ್ಚು ಹಿಡಿದದ್ದು ಕೋವಿಡ್ ಕಾಲದಲ್ಲಿ, ಮನೆಯೊಳಗೆ ಕೂತು ಕೂತು ಸಾಕಾದಾಗ. ನಾನು ಪೊವೇಯಲ್ಲಿ ವೈರ್‌ಲೆಸ್ ಚಿಪ್ ಟೆಸ್ಟಿಂಗ್ ಮಾಡುವವಳು. ಅವನಿರುವುದು ಚಾಟ್ಸ್‌ವರ್ತ್‌ನಲ್ಲಿ, ಅಳತೆಯ ಉಪಕರಣ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಇಬ್ಬರೂ ಉತ್ತರದ ಸಿಯೆರಾ ಬೆಟ್ಟಸಾಲಿಗೆ ಹೋಗಿ ಹಿಮಕುಸಿತದ ಕೋರ್ಸ್ ಮಾಡಿದೆವು. ಲಿಫ್ಟ್ ಇಲ್ಲದ, ಕಾವಲುಗಾರರಿಲ್ಲದ ಬೆಟ್ಟವನ್ನು ಕಾಲಿಗೆ ಸ್ಕೀ ಕಟ್ಟಿಕೊಂಡು ನಡೆದೇ ಹತ್ತುವುದು, ಆಮೇಲೆ ಜಾರಿ ಇಳಿಯುವುದು. ಇಳಿಯುವ ಮೊದಲು ಸಲಿಕೆಯಿಂದ ಎದೆಯೆತ್ತರದ ಗುಂಡಿ ತೋಡಿ ಹಿಮದ ಪದರಗಳನ್ನು ನೋಡಬೇಕು. ಒಂದು ಕಂಬದಷ್ಟನ್ನು ಕತ್ತರಿಸಿ ನಿಲ್ಲಿಸಿ, ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಬೇಕು. ಮೆಲ್ಲಗೆ ತಟ್ಟಿದ್ದಕ್ಕೇ ಮೇಲಿನ ಭಾಗ ಜಾರಿ ಮಡಿಲಿಗೆ ಬಿದ್ದರೆ ಆ ಬೆಟ್ಟಕ್ಕೆ ನಮಸ್ಕಾರ ಹೇಳಿ ಮನೆಗೆ ಬರಬೇಕು. ಸಿಯೆರಾದಲ್ಲಿ ಸಿಗುವ ದಿನದಿನದ ಎಚ್ಚರಿಕೆ ನಮ್ಮ ದಕ್ಷಿಣದ ಬೆಟ್ಟಗಳಿಗೆ ಆಗ ಸಿಗುತ್ತಿರಲಿಲ್ಲ. ಹೋಗಿ ಬಂದವರು ಕಂಡದ್ದನ್ನು ಅಂತರ್ಜಾಲದಲ್ಲಿ ಬರೆದು ಹಾಕುತ್ತಿದ್ದರು, ಹೋಗುವವರು ಓದುತ್ತಿದ್ದರು. ನನ್ನ ತಮ್ಮ ತಪ್ಪದೆ ಬರೆಯುತ್ತಿದ್ದ.

ದೂರದ ಬೆಟ್ಟ ನುಣ್ಣಗೆ ಎಂದವರು ಹಿಮದ ಬೆಟ್ಟ ಕಂಡಿರಲಾರರು. ಅದು ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ಅದೇ ಅದರ ಮೋಸ.

ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿದ್ದ ಅಮ್ಮ ಆಗ ನನ್ನ ಮನೆಗೆ ಬಂದಿದ್ದಳು. ಮಕ್ಕಳಿಬ್ಬರೂ ಊಟಕ್ಕೆ ಕೂತು ಹಿಮದ ಮಾತೇ ಆಡುವುದು ಅವಳಿಗೆ ಸೇರುತ್ತಿರಲಿಲ್ಲ. ಒಮ್ಮೆ ತಮ್ಮ ಅವಳಿಗೆ ಚಿರೋಟಿಯ ಲೆಕ್ಕದಲ್ಲಿ ಹೇಳಿಕೊಟ್ಟ. ಪದರದ ಮೇಲೆ ಪದರ ಕೂರುತ್ತದೆ, ಒಂದು ಪದರ ಇನ್ನೊಂದಕ್ಕೆ ಅಂಟಿಲ್ಲದಿದ್ದರೆ ಕೈ ತಾಕಿದರೂ ಮೇಲಿನದು ಕಳಚುತ್ತದೆ ಎಂದ. "ಹಾಗಾದ್ರೆ ಅಂಟ್ಕೊಳೋವರೆಗೂ ಮನೇಲಿರಿ," ಎಂದಳು ಅಮ್ಮ. ಅದಕ್ಕಿಂತ ಸರಿಯಾದ ಮಾತನ್ನು ನಮ್ಮ ಕೋರ್ಸಿನಲ್ಲೂ ಯಾರೂ ಹೇಳಿರಲಿಲ್ಲ.

ಆ ವಾರ ಬೆಟ್ಟದ ಮೇಲೆ ನಡೆದದ್ದೂ ಅದೇ. ಮೊದಲು ಬಿದ್ದ ಹಿಮ ಬಿಸಿಲಿಗೆ ಕರಗಿ, ರಾತ್ರಿಯ ಚಳಿಗೆ ಗಾಜಿನ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ಬಿರುಗಾಳಿಯ ಸಮೇತ ಹೊಸ ಹಿಮ ಆಳೆತ್ತರ ಬಂದು ಕೂತಿತು. ಲಾಸ್ ಏಂಜಲೀಸಿನ ಹಿಂದೆಯೇ ಇರುವ ಮೌಂಟ್ ಬಾಲ್ಡಿಯ ತಗ್ಗಿನ ದಾರಿಗಳಿಗೆ ಹೋಗಿ ಬಂದವರು, ಕಾಲಿಟ್ಟಲ್ಲಿ ಹಿಮ ಗುಮ್ಮೆಂದು ಕುಸಿಯುತ್ತಿದೆ, ಮುಂದಕ್ಕೆ ಬಿರುಕು ಓಡುತ್ತಿದೆ ಎಂದು ಬರೆದಿದ್ದರು. ಆ ಸದ್ದನ್ನು ನಾನು ಒಮ್ಮೆ ಕೇಳಿದ್ದೇನೆ. ಕಾಲ ಕೆಳಗಿನ ನೆಲ ಉಸಿರು ಬಿಟ್ಟಂತಿರುತ್ತದೆ, ಕೇಳಿದವರು ಮರೆಯುವುದಿಲ್ಲ.

ಶುಕ್ರವಾರ ಸಂಜೆ ತಮ್ಮ ನನ್ನ ಮನೆಗೆ ಬಂದ, ಮಾರನೆಯ ದಿನ ಬಾಲ್ಡಿಗೆ ಹೋಗುವವನಿದ್ದ. ಜೊತೆಗೆ ಬರಬೇಕಿದ್ದ ಗೆಳೆಯನಿಗೆ ಜ್ವರ, ನನ್ನ ಮೊಣಕಾಲು ಊದಿತ್ತು. ಒಬ್ಬನೇ ಹೋಗಬೇಡ ಎಂದೆ.

"ಇಳಿಯೋಕಲ್ಲ ಅಕ್ಕ. ಗುಂಡಿ ತೋಡಿ ನೋಡ್ಕೊಂಡು ಬರ್ತೀನಿ ಅಷ್ಟೇ. ಯಾರಾದ್ರೂ ನೋಡಿ ಬರೀಬೇಕಲ್ವಾ?"

"ಆ ಯಾರಾದ್ರೂ ನೀನೇ ಆಗ್ಬೇಕಾ?"

"ನೀನು ಹೋಗಲ್ಲ, ನನ್ನೂ ಬಿಡಲ್ಲ," ಎಂದು ನಕ್ಕ.

ನಮ್ಮಿಬ್ಬರ ನಡುವೆ ಒಂದು ಕರಾರಿತ್ತು. ಹೋಗುವವರು ಯಾವ ಕಡೆಯಿಂದ ಹತ್ತುತ್ತೇನೆ, ಯಾವ ಕಡೆ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ ಎಂದು ಹೇಳಿಯೇ ಹೊರಡಬೇಕು. ಆ ಬೆಟ್ಟಕ್ಕೆ ಎರಡು ಮುಖ. ದಕ್ಷಿಣಕ್ಕೆ ಬಾಣಲೆಯಂಥ ದೊಡ್ಡ ಇಳಿಜಾರು, ಲಾಸ್ ಏಂಜಲೀಸ್ ಕಡೆಗೆ. ಉತ್ತರಕ್ಕೆ ಕಾಡು, ಅದರಾಚೆ ಮರುಭೂಮಿಯ ಕಡೆಯ ರಸ್ತೆ. ಗಾಳಿ ಹೇಗಿದೆ ನೋಡಿ ಬೆಳಿಗ್ಗೆ ಹೇಳುತ್ತೇನೆ ಎಂದು ಮಲಗಿದ.

ನಾನು ಏಳುವ ಹೊತ್ತಿಗೆ ಅವನಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು.

"ಯಾವ ಕಡೆ ಅಂದ?" ಎಂದು ಕೇಳಿದೆ.

"ಹೇಳೋಕೆ ಬಂದ. ನಾನೇ ಬೇಡ ಅಂದೆ. ಬಾಗಿಲು ದಾಟೋವಾಗ ಹೋಗೋ ಜಾಗದ ಹೆಸರು ಎತ್ತಬಾರದು. ಬಂದ್ಮೇಲೆ ಹೇಳಪ್ಪ ಅಂದೆ."

ನಮ್ಮ ಮನೆಯ ಪದ್ಧತಿ ಅದು. ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ, ಹೊರಟವರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೆಚ್ಚೆಂದರೆ, ದೂರ ಹೊರಟ ಹಾಗಿದೆ ಎನ್ನಬಹುದು. ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿ ನಾವಿಬ್ಬರೂ ಬೈಸಿಕೊಂಡಿದ್ದೇವೆ. ಅಮ್ಮ ಮಗನ ಒಳ್ಳೆಯದಕ್ಕೇ ಬಾಯಿ ಮುಚ್ಚಿಸಿದ್ದಳು, ಮಗ ಅಮ್ಮನ ಮನಸ್ಸು ನೋಯಿಸಬಾರದೆಂದು ಸುಮ್ಮನಾಗಿದ್ದ. ದಾರಿಯಲ್ಲಿ ನನಗೆ ಮೆಸೇಜ್ ಮಾಡೋಣ ಎಂದುಕೊಂಡಿದ್ದಿರಬೇಕು. ಮೆಸೇಜ್ ಬರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್.

ಅಮ್ಮನ ಮೇಲೆ ರೇಗಿದೆ. ಅವಳು ಉಪ್ಪಿಟ್ಟು ಬಡಿಸಿದಳು. ಮಧ್ಯಾಹ್ನವಾಯಿತು. ಆಕಾಶ ತಿಳಿಯಾಗಿತ್ತು, ಬಿಸಿಲು ಚುರುಕಾಗಿತ್ತು. ಹಿಂದಿನ ಅಂಗಳದಲ್ಲಿ ನಿಂಬೆಗಿಡದ ಎಲೆಗಳು ಹೊಳೆಯುತ್ತಿದ್ದವು. ಅದೇ ಬಿಸಿಲು ಅಲ್ಲಿ ಹೊಸ ಹಿಮವನ್ನು ಭಾರ ಮಾಡುತ್ತಿತ್ತು. ಇನ್ನು ಕೂತಿರಲಾಗಲಿಲ್ಲ. ರಕ್ಷಣಾ ತಂಡಕ್ಕೆ ಫೋನ್ ಮಾಡಿ, ಕಾರು ತೆಗೆದೆ. ಅಮ್ಮ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಕಾಲುಚೀಲದ ಮೇಲೆ ನನ್ನ ಶೂ ಏರಿಸಿ, ಕೇಳದೆಯೇ ಬಂದು ಕೂತಳು.

ಮೊದಲು ಹೋಗಿ ನೋಡಿದ ದಕ್ಷಿಣದ ಕಡೆ, ಬೆಟ್ಟದ ರಸ್ತೆ ಮುಗಿಯುವಲ್ಲೇ ಅವನ ಕಾರು ನಿಂತಿತ್ತು. ಅಲ್ಲಿಂದ ಹತ್ತಿದ್ದಾನೆ ಎಂಬುದಷ್ಟೇ ಗೊತ್ತಾಯಿತು. ರಕ್ಷಣಾ ತಂಡದವರು ನಮಗಿಂತ ಮೊದಲೇ ಬಂದಿದ್ದರು. ತಂಡದ ಮುಖ್ಯಸ್ಥೆ ನನ್ನನ್ನು ಪಕ್ಕಕ್ಕೆ ಕರೆದು, ದೊಡ್ಡ ಲೆನ್ಸಿನಲ್ಲಿ ತೆಗೆದ ಫೋಟೊ ತೋರಿಸಿದಳು. ದಕ್ಷಿಣದ ಇಳಿಜಾರಿನ ನಡುವೆ ಅಡ್ಡಕ್ಕೆ ಚಾಕುವಿನಿಂದ ಕೊಯ್ದಂಥ ಗೆರೆ. ಗೆರೆಯ ಕೆಳಗಿನದೆಲ್ಲ ಜಾರಿ ಬುಡದಲ್ಲಿ ರಾಶಿಯಾಗಿತ್ತು. ಮೇಲಿನ ಅರ್ಧ ಇನ್ನೂ ಹಾಗೇ ನಿಂತಿತ್ತು. ಪಕ್ಕದ ದಿಣ್ಣೆಯ ಮೇಲೆ ಒಬ್ಬನೇ ಹತ್ತಿಹೋದ ಸ್ಕೀ ಗುರುತು ಶಿಖರದವರೆಗೂ ಕಾಣುತ್ತಿತ್ತು. ಅಲ್ಲಿಂದ ಮುಂದೆ ಏನಾಯಿತೋ ಫೋಟೊದಲ್ಲಿರಲಿಲ್ಲ.

ಯಾವ ಕಡೆ ಇಳಿಯುತ್ತೇನೆಂದು ಹೇಳಿದ್ದನೇ ಎಂದು ಮುಖ್ಯಸ್ಥೆ ಕೇಳಿದಳು. ಇಲ್ಲ ಎಂದೆ. ಹಿಂದೆಯೇ ಬಂದಿದ್ದ ಅಮ್ಮ ನೆಲ ನೋಡಿದಳು.

ಮೇಲೆ ಗಾಳಿ ಜೋರಾಗಿದೆ, ಹೆಲಿಕಾಪ್ಟರ್ ಹಾರುವುದಿಲ್ಲ, ಆ ಅರ್ಧ ತಲೆಯ ಮೇಲಿರುವಾಗ ನನ್ನ ಜನರನ್ನು ಇವತ್ತು ಅದರಡಿಗೆ ಕಳಿಸಲಾರೆ ಎಂದಳು ಆಕೆ. ಉತ್ತರದ ಕಡೆಯ ಠಾಣೆಗೂ ಹೇಳಿದ್ದಾರಂತೆ. ಅವಳು ನನ್ನ ಮುಖ ನೋಡಿ, ನಿಮಗೆ ಹಿಮ ಗೊತ್ತಿದೆ ಅಲ್ಲವೇ ಎಂದಳು. ಗೊತ್ತಿತ್ತು. ಹಿಮದಡಿ ಸಿಕ್ಕವರಿಗೆ ಇರುವ ಕಾಲ ಕುಕ್ಕರ್ ಕೂಗಿ ಮುಗಿಯುವಷ್ಟು. ತಮ್ಮ ಆ ರಾಶಿಯಡಿ ಇದ್ದರೆ ಎಲ್ಲ ಮುಗಿದು ಎಷ್ಟೋ ಹೊತ್ತಾಗಿತ್ತು. ಅಲ್ಲಿ ಇಲ್ಲದಿದ್ದರೆ, ಆ ರಾಶಿ ಅಗೆದು ಅವನಿಗೇನೂ ಉಪಕಾರವಿರಲಿಲ್ಲ. ಎರಡು ರೀತಿಯಲ್ಲಿ ನೋಡಿದರೂ ಉತ್ತರ ಒಂದೇ ಬರುತ್ತಿತ್ತು. ನನ್ನ ತಲೆ ಇಷ್ಟು ನೆಟ್ಟಗೆ ಕೆಲಸ ಮಾಡುತ್ತಿದೆಯಲ್ಲ ಎಂದು ನನಗೇ ಹೇಸಿಗೆಯಾಯಿತು.

ಅಮ್ಮ ನನ್ನ ತೋಳು ಹಿಡಿದಳು. "ಕೇಳು ಅವರನ್ನ. ಕಾಲಿಗೆ ಬೀಳು ಬೇಕಾದ್ರೆ. ಅಕ್ಕ ಅಂತ ಹೇಳು, ತಾಯಿ ಬಂದು ನಿಂತಿದಾಳೆ ಅಂತ ಹೇಳು."

"ಅಮ್ಮ, ಮೇಲಿನ ಅರ್ಧ ಇನ್ನೂ ಬಿದ್ದಿಲ್ಲ. ಇವರು ಹೋದ್ರೆ ಇವರ ಮೇಲೂ ಬೀಳತ್ತೆ."

"ಇವರು ಇರೋದು ಹೋಗೋಕೆ ತಾನೇ?"

"ಇವರ ಮನೇಲೂ ಅಮ್ಮಂದಿರಿದಾರೆ."

ಅಮ್ಮ ನನ್ನ ತೋಳು ಬಿಟ್ಟು ತಾನೇ ಮುಂದೆ ಹೋದಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಲಿತ ಇಂಗ್ಲಿಷು ಅವಳದು, ಚೆನ್ನಾಗಿಯೇ ಇದೆ. ಆದರೆ ಆ ಹೊತ್ತು ಬಂದದ್ದು ಎರಡೇ ಮಾತು. "ಪ್ಲೀಸ್. ಮೈ ಸನ್."

ಮುಖ್ಯಸ್ಥೆ ನನ್ನ ಕಡೆ ನೋಡಿದಳು. ಅವಳ ಹಿಂದೆ ನಿಂತ ಹುಡುಗರಲ್ಲಿ ಇಬ್ಬರು ಆಗಲೇ ಸ್ಕೀ ಕೈಗೆತ್ತಿಕೊಂಡಿದ್ದರು. ನಾನೂ ಬೇಡಿಕೊಂಡಿದ್ದರೆ ಹೊರಟುಬಿಡುತ್ತಿದ್ದರೋ ಏನೋ. ನಾನು ಇಂಗ್ಲಿಷಿನಲ್ಲಿ, ಹೋಗಬೇಡಿ, ಇದು ಅವನ ಮನೆಯವರ ಮಾತೆಂದೇ ತಿಳಿಯಿರಿ ಎಂದೆ. ಅಮ್ಮನಿಗೆ ಪ್ರತಿಯೊಂದು ಶಬ್ದವೂ ಅರ್ಥವಾಯಿತು. ಅವಳು ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಆ ರಾತ್ರಿ ಬೆಟ್ಟದ ಬುಡದ ಹಳ್ಳಿಯಲ್ಲಿ ಕಳೆಯಿತು.

ಬೆಳಗಾಗುತ್ತಲೇ ಉತ್ತರದ ಕಡೆಯಿಂದ ಫೋನ್ ಬಂತು. ರಸ್ತೆಯ ಹಿಮ ಗುಡಿಸುವ ಲಾರಿಯವನೊಬ್ಬ, ಕಾಡಿನಿಂದ ಕುಂಟುತ್ತ ಬಂದ ಹುಡುಗನನ್ನು ಹತ್ತಿಸಿಕೊಂಡಿದ್ದ. ತಮ್ಮ ಶಿಖರದ ಹತ್ತಿರ ಗುಂಡಿ ತೋಡಿದ್ದನಂತೆ. ಒಂದೇ ಏಟಿಗೆ ಮೇಲಿನ ಪದರ ಜಾರಿತು. ಅವನು ನೋಡುತ್ತಿದ್ದ ಹಾಗೆ ದಕ್ಷಿಣದ ಇಳಿಜಾರು ಗುಮ್ಮೆಂದು ಬಾಯಿಬಿಟ್ಟಿತು. ಹತ್ತಿದ ದಿಣ್ಣೆಯನ್ನೂ ನಂಬಲಾರದೆ ಉತ್ತರದ ಕಾಡಿಗಿಳಿದ. ಫೋನ್ ಚಳಿಗೆ ಸತ್ತಿತ್ತು. ರಾತ್ರಿಯೆಲ್ಲ ನಡೆದಿದ್ದ.

ನಾವು ಹೊರಡುವಾಗ ಮುಖ್ಯಸ್ಥೆ ಕಾರಿನ ಬಳಿ ಬಂದು, ಇರುಳಲ್ಲಿ ಯಾವಾಗಲೋ ಉಳಿದರ್ಧವೂ ಇಳಿದಿದೆ ಎಂದಳು. ಹಳೆಯ ರಾಶಿ ಈಗ ಕಾಣುತ್ತಿಲ್ಲವಂತೆ.

ಬೆಟ್ಟವನ್ನು ಸುತ್ತಿಕೊಂಡು ಆ ಕಡೆಗೆ ಹೋಗಿ ಅವನನ್ನು ಹತ್ತಿಸಿಕೊಂಡೆವು. ಬೆರಳುಗಳಿಗೆ ಬ್ಯಾಂಡೇಜು, ತುಟಿ ಒಡೆದಿತ್ತು. ನನಗೆ ಅಳು ತಡೆಯಲಾಗಲಿಲ್ಲ, ಬೈದೆ. ಅಮ್ಮ ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತು, ಅವನ ಬ್ಯಾಂಡೇಜಿನ ಕೈಗಳನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡಳು. ಕಣಿವೆ ಇಳಿದು ಫ್ರೀವೇ ಸೇರಿದ ಮೇಲೆ, ನಡೆದದ್ದನ್ನೆಲ್ಲ ನಾನೇ ಅವನಿಗೆ ಹೇಳಿದೆ. ಹೋಗಬೇಡಿ ಎಂದದ್ದನ್ನೂ ಹೇಳಿದೆ.

"ಸರಿಯಾಗೇ ಮಾಡ್ದೆ ಅಕ್ಕ," ಎಂದ. "ನಾನಾಗಿದ್ರೂ ಹಾಗೇ ಹೇಳ್ತಿದ್ದೆ."

ನನಗೆ ಅಷ್ಟು ಸಾಲದಾಯಿತು. "ಕೇಳಿದ್ಯಾ ಅಮ್ಮ? ಉಳಿದಿದ್ದೂ ಬಿತ್ತಂತೆ. ಅವರು ಹೋಗಿದ್ರೆ ಒಬ್ಬರೂ ಬರ್ತಿರಲಿಲ್ಲ."

"ಗೊತ್ತು," ಎಂದಳು ಅಮ್ಮ.

ಅವನ ಬ್ಯಾಂಡೇಜಿನ ಅಂಚು ಸರಿಮಾಡಿದಳು. ಆಮೇಲೆ ಅವಳು, ಹಿಂದಿನ ದಿನದಿಂದ ಅದನ್ನೇ ಯೋಚಿಸುತ್ತಿದ್ದವಳ ಹಾಗೆ, ಮೆಲ್ಲಗೆ ಹೇಳಿದಳು. "ಅವನ ಜಾಗದಲ್ಲಿ ನೀನಿದ್ದಿದ್ರೂ, ಅವರನ್ನ ಹೋಗಿ ಅಂತಲೇ ನಾನು ಕೇಳ್ಕೋತಿದ್ದೆ."

ನಾನು ಕಾರು ಓಡಿಸುತ್ತಿದ್ದೆ. ತಿರುಗಿ ಅವಳ ಮುಖ ನೋಡುವ ಹಾಗಿರಲಿಲ್ಲ.